ಅಧಿಕಾರಕ್ಕೆ ಅಂತಃಕರಣವೇ ಭೂಷಣ

ಅಧಿಕಾರ ದೊರೆಯುವುದು ಪುಣ್ಯದಿಂದ. ಅದು ಉಳಿಯುವುದು ಗುಣದಿಂದ. ಹತ್ತು ಜನರಿಗೆ ಯಜಮಾನನಾದವನು ಆ ಹತ್ತು ಜನರ ಮನಸ್ಸನ್ನೂ ಬಲ್ಲವನಾಗಿರಬೇಕು. ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಕಚೇರಿಯ ಮುಖ್ಯಸ್ಥರಿದ್ದಾರೆ, ಕಾರ್ಖಾನೆ ನಡೆಸುವವರಿದ್ದಾರೆ, ಮುಖ್ಯೋಪಾಧ್ಯಾಯರಿದ್ದಾರೆ. ಕೈಕೆಳಗಿನವರು ಮಾತು ಕೇಳುವುದಿಲ್ಲವೆಂಬುದೇ ಅವರಲ್ಲಿ ಅನೇಕರ ಅಳಲು. ಕೈಕೆಳಗಿನವರ ಕಷ್ಟವನ್ನು ತಾವು ಎಂದಾದರೂ ಕೇಳಿದ್ದುಂಟೇ ಎಂದರೆ ಉತ್ತರ ಬರುವುದಿಲ್ಲ. ತನ್ನ ಮನಸ್ಸನ್ನು ಹಿಡಿತದಲ್ಲಿಟ್ಟುಕೊಂಡು ಇತರರ ಮನಸ್ಸನ್ನು ಅರಿತು ನಡೆಯುವುದನ್ನು ಆಡಳಿತ ಶಾಸ್ತ್ರದವರು ಭಾವನಾತ್ಮಕ ಬುದ್ಧಿವಂತಿಕೆ ಎನ್ನುತ್ತಾರೆ. ನಮ್ಮ ಹಿರಿಯರು ಅದನ್ನು ಅಂತಃಕರಣವೆಂದರು. ಇದಕ್ಕೆ ದೂರದ ದೇಶದ ಒಬ್ಬ ನಾವಿಕನ ಜೀವನವನ್ನು ಇಂದು ನೆನೆಯುತ್ತೇವೆ.

ಅರ್ನೆಸ್ಟ್ ಶ್ಯಾಕಲ್‌ಟನ್ 1874ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದನು. ಹದಿನಾರನೆಯ ವಯಸ್ಸಿನಲ್ಲಿಯೇ ಹಡಗು ಸೇರಿದನು. ದಕ್ಷಿಣ ಧ್ರುವವನ್ನು ಮುಟ್ಟಬೇಕೆಂಬುದು ಆತನ ಹಂಬಲ. 1909ರ ಜನವರಿಯಲ್ಲಿ ಮೂವರು ಸಂಗಡಿಗರೊಡನೆ ಧ್ರುವಕ್ಕೆ ಸುಮಾರು 180 ಕಿಲೋಮೀಟರು ಸಮೀಪಕ್ಕೆ ಹೋದನು. ಅಲ್ಲಿಯವರೆಗೆ ಯಾರೂ ಅಷ್ಟು ದೂರ ಹೋಗಿರಲಿಲ್ಲ. ಆದರೆ ಆಹಾರ ಮುಗಿಯುತ್ತ ಬಂದಿತ್ತು. ಮುಂದೆ ಹೋದರೆ ಕೀರ್ತಿ ಬರಬಹುದು, ಜೊತೆಗಾರರು ಉಳಿಯಲಾರರು ಎಂದರಿತು ಹಿಂದಿರುಗಿದನು. ಮರಳುವ ದಾರಿಯಲ್ಲಿ ಫ್ರ್ಯಾಂಕ್ ವೈಲ್ಡ್ ಎಂಬ ಸಂಗಡಿಗ ಬಳಲಿದಾಗ ತನ್ನ ಪಾಲಿನ ಒಂದೇ ಒಂದು ಬಿಸ್ಕತ್ತನ್ನು ಬಲವಂತವಾಗಿ ಅವನಿಗೆ ತಿನ್ನಿಸಿದನು. ಆ ವೈಲ್ಡ್ ಮುಂದೆ ಕೊನೆಯವರೆಗೂ ಆತನ ಬಲಗೈಯಾದನು.

1914ರಲ್ಲಿ ಅಂಟಾರ್ಕ್ಟಿಕಾ ಖಂಡವನ್ನು ಅಡ್ಡಲಾಗಿ ದಾಟುವ ಸಂಕಲ್ಪದಿಂದ ಎಂಡ್ಯೂರೆನ್ಸ್ ಎಂಬ ಹಡಗಿನಲ್ಲಿ ಹೊರಟನು. ಹಡಗಿನಲ್ಲಿ ಒಟ್ಟು 28 ಜನ. 1915ರ ಜನವರಿಯಲ್ಲಿ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಅಕ್ಟೋಬರಿನಲ್ಲಿ ಅದನ್ನು ಬಿಡಬೇಕಾಯಿತು. ನವೆಂಬರಿನಲ್ಲಿ ಅದು ಮುಳುಗಿತು. ಸುತ್ತಲೂ ಹಿಮ, ಹೊರಜಗತ್ತಿಗೆ ಸುದ್ದಿ ಮುಟ್ಟಿಸುವ ದಾರಿಯಿಲ್ಲ. ಖಂಡ ದಾಟುವ ಸಂಕಲ್ಪವನ್ನು ಆತ ಅಲ್ಲಿಯೇ ಬಿಟ್ಟನು. ಎಲ್ಲರನ್ನೂ ಜೀವಸಹಿತ ಮನೆ ಮುಟ್ಟಿಸುವುದೇ ಆತನ ಕಾಯಕವಾಯಿತು.

ಆಗ ಆತ ನಡೆದುಕೊಂಡ ರೀತಿಯನ್ನು ಅಧಿಕಾರದಲ್ಲಿರುವವರು ಗಮನಿಸಬೇಕು. ಸಾಮಾನು ಕಡಿಮೆ ಮಾಡಬೇಕಾದಾಗ ತನ್ನ ಚಿನ್ನದ ನಾಣ್ಯಗಳನ್ನು ಎಲ್ಲರೆದುರು ಹಿಮದಲ್ಲಿ ಎಸೆದನು. ಆದರೆ ಒಬ್ಬನ ಬ್ಯಾಂಜೋ ವಾದ್ಯವನ್ನು ಮಾತ್ರ ಉಳಿಸಿಕೊಳ್ಳಲು ಹೇಳಿದನು. ಹೊಟ್ಟೆಗೆ ಅನ್ನ ಬೇಕಾದಂತೆ ಮನಸ್ಸಿಗೆ ಹಾಡು ಬೇಕೆಂದು ಆತ ಬಲ್ಲನು. ಬೆಚ್ಚನೆಯ ತುಪ್ಪಳದ ಮಲಗುವ ಚೀಲಗಳು 18 ಮಾತ್ರ ಇದ್ದವು. ಚೀಟಿ ಎತ್ತಿದಾಗ ಅವು ಕೆಳಗಿನ ನಾವಿಕರಿಗೇ ಬಂದವು. ಆತನಿಗೂ ಇತರ ಹಿರಿಯರಿಗೂ ಉಣ್ಣೆಯ ಚೀಲಗಳು. ಇದು ದೈವಯೋಗವಲ್ಲವೆಂದು ತಂಡದವರು ಊಹಿಸಿಕೊಂಡರು. ಗೊಣಗುವವರನ್ನೂ ತಮ್ಮನ್ನು ಗೌರವಿಸಲಿಲ್ಲವೆಂದು ಮುನಿಯುವವರನ್ನೂ ಆತ ದೂರವಿಡಲಿಲ್ಲ, ತನ್ನ ಡೇರೆಯಲ್ಲಿಯೇ ಇರಿಸಿಕೊಂಡನು. ಅಸಮಾಧಾನ ಇತರರಿಗೆ ಹರಡಲಿಲ್ಲ. ಮುನಿದವನಿಗೂ ಗೌರವ ದೊರೆಯಿತು.

1916ರ ಏಪ್ರಿಲಿನಲ್ಲಿ ಮೂರು ದೋಣಿಗಳಲ್ಲಿ ಎಲಿಫೆಂಟ್ ದ್ವೀಪವನ್ನು ಮುಟ್ಟಿದರು. ಅಲ್ಲಿಗೆ ಹಡಗುಗಳು ಬರುತ್ತಿರಲಿಲ್ಲ. 22 ಜನರನ್ನು ವೈಲ್ಡನಿಗೆ ಒಪ್ಪಿಸಿ, ಐವರೊಡನೆ ಒಂದು ಸಣ್ಣ ದೋಣಿಯಲ್ಲಿ ಸುಮಾರು 1300 ಕಿಲೋಮೀಟರು ದೂರದ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ ಹೊರಟನು. ದೋಣಿಯಲ್ಲಿ ಯಾರಾದರೊಬ್ಬ ಚಳಿಯಿಂದ ಕುಸಿಯುವುದನ್ನು ಕಂಡರೆ ಎಲ್ಲರಿಗೂ ಬಿಸಿ ಹಾಲು ಮಾಡಿಸುತ್ತಿದ್ದನು. ತನಗಾಗಿ ಕಾಯಿಸಿದರೆಂದು ಆ ಒಬ್ಬನಿಗೆ ತಿಳಿಯಬಾರದು, ಆತನ ಧೈರ್ಯ ಕುಂದಬಾರದು. ಉಪಕಾರ ಮಾಡಿದರೂ ಮಾನ ಕಳೆಯದಂತೆ ಮಾಡುವುದು ಬಹು ದೊಡ್ಡ ಗುಣ. ದಡ ಸೇರಿದ ಮೇಲೆ ಇಬ್ಬರೊಡನೆ ನಕಾಶೆಯಿಲ್ಲದ ಹಿಮಪರ್ವತಗಳನ್ನು 36 ಗಂಟೆ ನಡೆದು ದಾಟಿದನು. ದ್ವೀಪದಲ್ಲಿ ಉಳಿದವರನ್ನು ಕರೆತರಲು ಮೂರು ಸಲ ಹೋಗಿ ವಿಫಲನಾದನು. ನಾಲ್ಕನೆಯ ಸಲ, 1916ರ ಆಗಸ್ಟ್ 30ರಂದು, ಚಿಲಿ ದೇಶದ ಹಡಗಿನಲ್ಲಿ ಹೋಗಿ 22 ಜನರನ್ನೂ ಕರೆತಂದನು. ಬಾಸ್ ಇಂದು ಬರಬಹುದೆಂದು ವೈಲ್ಡ್ ದಿನವೂ ಅವರಿಂದ ಹಾಸಿಗೆ ಕಟ್ಟಿಸುತ್ತಿದ್ದನು. ಬಾಸ್ ಎಂಬ ಪದ ನಮ್ಮ ಕಚೇರಿಗಳಲ್ಲಿಯೂ ಇದೆ. ಅದನ್ನು ಅಷ್ಟು ನಂಬಿಕೆಯಿಂದ ಉಚ್ಚರಿಸುವವರು ಎಷ್ಟು ಮಂದಿ?

ಆತನನ್ನು ದೇವರನ್ನಾಗಿಸುವುದು ಬೇಡ. ಖಂಡದ ಇನ್ನೊಂದು ಬದಿಯಲ್ಲಿ ಆತನಿಗಾಗಿ ಆಹಾರ ಕೂಡಿಟ್ಟ ತಂಡದಲ್ಲಿ ಮೂವರು ಸತ್ತರು. ಮ್ಯಾಕ್‌ನಿಷ್ ಎಂಬ ಬಡಗಿ ಹಿಮದ ಮೇಲೆ ಒಮ್ಮೆ ಆಜ್ಞೆ ಮೀರಿದ್ದನು. ಅದೇ ಬಡಗಿ ದೋಣಿಯ ಪಕ್ಕಗಳನ್ನೆತ್ತರಿಸಿ, ಮೇಲೆ ಕ್ಯಾನ್ವಾಸ್ ಹೊದಿಸಿ ಆರು ಜನರ ಪ್ರಾಣ ಕಾದಿದ್ದನು. ಆದರೂ ಧ್ರುವ ಪದಕಕ್ಕೆ ಹೆಸರು ಸೂಚಿಸುವಾಗ ಶ್ಯಾಕಲ್‌ಟನ್ ಆತನನ್ನೂ ಇನ್ನು ಮೂವರನ್ನೂ ಬಿಟ್ಟುಬಿಟ್ಟನು. ಕಷ್ಟದ ದಿನಗಳಲ್ಲಿ ಮುನಿಸನ್ನು ನುಂಗಿದವನು ಕಷ್ಟ ಕಳೆದ ಮೇಲೆ ನುಂಗಲಾರದೆ ಹೋದನು. ಆಪತ್ತಿನಲ್ಲಿ ತಾಳ್ಮೆ ತಾನಾಗಿ ಬರುತ್ತದೆ, ಏಕೆಂದರೆ ಪರಸ್ಪರ ಬೇಕಾಗಿರುತ್ತೇವೆ. ಗೆದ್ದ ಮೇಲೆ ಕ್ಷಮಿಸುವುದೇ ಕಠಿಣ.

1922ರ ಜನವರಿ 5ರಂದು ದಕ್ಷಿಣ ಜಾರ್ಜಿಯಾದಲ್ಲಿಯೇ ಆತನ ಉಸಿರು ನಿಂತಿತು. ಸಮಾಧಿಯೂ ಅಲ್ಲಿಯೇ ಇದೆ. ನೂರು ವರ್ಷದ ಮೇಲೆ, 2022ರಲ್ಲಿ, ಎಂಡ್ಯೂರೆನ್ಸ್ ಹಡಗು ಸಮುದ್ರದ ಮೂರು ಸಾವಿರ ಮೀಟರು ಆಳದಲ್ಲಿ ಪತ್ತೆಯಾಯಿತು. ಹಡಗು ಮುಳುಗಿತು, ಉದ್ದೇಶ ಕೈಗೂಡಲಿಲ್ಲ. ಆದರೂ ಲೋಕ ಆತನನ್ನು ನೆನೆಯುತ್ತಿರುವುದು ಹಡಗಿನಲ್ಲಿದ್ದ 28 ಜೀವಗಳು ಉಳಿದುದಕ್ಕಾಗಿ.

ಕುರ್ಚಿಯಲ್ಲಿ ಕುಳಿತವರು ಇಂದು ಒಂದು ಸಣ್ಣ ನೇಮ ಹಿಡಿಯಲಿ. ಮುನಿದ ನೌಕರನನ್ನು ಹತ್ತಿರ ಕೂರಿಸಿಕೊಂಡು ಮಾತನಾಡಲಿ. ವರ್ಷದ ಕೊನೆಯಲ್ಲಿ ಬಡ್ತಿಯ ಪಟ್ಟಿ ಬರೆಯುವಾಗ ಹಳೆಯ ಸಿಟ್ಟನ್ನು ಬದಿಗಿಟ್ಟು ಆತನ ದುಡಿಮೆಯನ್ನು ಮಾತ್ರ ನೋಡಲಿ. ಅಧಿಕಾರ ಆಗ ಸಾರ್ಥಕವಾಗುತ್ತದೆ ಎಂಬುದು ನಮ್ಮ ಹಾರೈಕೆ.