ಸೈಕ್ಲೋನಿಗೆ ಹೆಸರಿಟ್ಟ ಪಿಡಿಂಗ್ಟನ್

ಅಂಗಳದಲ್ಲಿ ಅಡಿಕೆ ಹರಡಿರುವಾಗ ಸೈಕ್ಲೋನ್ ಎಂಬ ಮಾತು ಕಿವಿಗೆ ಬಿದ್ದರೆ ಪುತ್ತೂರು, ಸುಳ್ಯ, ಕಡಬದ ಕಡೆ ನೀವೆಲ್ಲ ಮೊದಲು ಟರ್ಪಾಲು ಹುಡುಕುತ್ತೀರಿ. ಈ ಹೆಸರನ್ನಿಟ್ಟವರು ಹೆನ್ರಿ ಪಿಡಿಂಗ್ಟನ್.

ಇಂಗ್ಲೆಂಡಿನಲ್ಲಿ 1797ರಲ್ಲಿ ಹುಟ್ಟಿದ ಇವರು ವ್ಯಾಪಾರದ ಹಡಗುಗಳಲ್ಲಿ ಕಪ್ತಾನರಾಗಿದ್ದು, ಬಳಿಕ ಕಲ್ಕತ್ತೆಯಲ್ಲಿ ನೆಲೆಸಿದರು. ಗಿಡಮರ, ಮಣ್ಣುಗಳಲ್ಲಿಯೂ ಇವರಿಗೆ ಬಹಳ ಆಸಕ್ತಿ. ಭಾರತದ ಸಸ್ಯಗಳ ಹೆಸರಿನ ಸೂಚಿಯೊಂದನ್ನು 1832ರಲ್ಲಿ ಹೊರತಂದರು. ಸಿಪಾಯಿಗಳು ಸಾರಾಯಿಯ ಬದಲು ಕಾಫಿ ಕುಡಿಯಲೆಂದು ಪುಸ್ತಿಕೆಯನ್ನೂ ಬರೆದವರು!

ಬಿರುಗಾಳಿಗೆ ಸಿಕ್ಕಿದ ಹಡಗುಗಳ ದಿನಚರಿ ಪುಸ್ತಕಗಳನ್ನು ಕಲೆಹಾಕಿ, ಯಾವ ಗಳಿಗೆಯಲ್ಲಿ ಎಲ್ಲಿ ಯಾವ ದಿಕ್ಕಿನ ಗಾಳಿ ಎಂಬುದನ್ನು ಅವರು ನಕ್ಷೆಯ ಮೇಲೆ ಗುರುತಿಸುತ್ತಾ ಹೋದರು. 1845ರಲ್ಲಿ ಮಾರಿಷಸ್ ಬಳಿ ಚಾರ್ಲ್ಸ್ ಹೆಡ್ಲ್ ಎಂಬ ಹಡಗು ಗಾಳಿಯೊಡನೆ ದಿನಗಟ್ಟಲೆ ಸುತ್ತು ಹಾಕಿತ್ತು. ಗಾಳಿ ಸುರುಳಿಯಾಗಿ ತಿರುಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಮಾತಿನಿಂದ ಸೈಕ್ಲೋನ್ ಪದವನ್ನು ಮಾಡಿ, 1848ರ ತಮ್ಮ ನಾವಿಕರ ಕೈಪಿಡಿಯಲ್ಲಿ ಬಳಸಿದರು.

ಬಂಗಾಳದ ಮಾತ್ಲಾ ನದಿಯ ದಡದಲ್ಲಿ ಬಂದರು ಕಟ್ಟಲು ಸರಕಾರ ಹೊರಟಾಗ, ಒಂದು ದಿನ ಕಡಲು ಏರಿ ಬಂದು ನುಂಗೀತೆಂದು 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯವರಿಗೆ ಬರೆದರು. ಯಾರೂ ಲಕ್ಷಿಸಲಿಲ್ಲ. 1858ರಲ್ಲಿ ಅವರು ತೀರಿಕೊಂಡರು. 1867ರ ಚಂಡಮಾರುತದಲ್ಲಿ ಕ್ಯಾನಿಂಗ್ ಬಂದರು ಹಾಳಾಯಿತು.

ಗಾಳಿಯ ಚಕ್ರ ಅವರಿಗೆ ತಿಳಿದಿತ್ತು. ಅದಕ್ಕೆ ಶಕ್ತಿ ಎಲ್ಲಿಂದ ಎಂಬುದು ಸ್ಪಷ್ಟವಾದದ್ದು ಬಹುಕಾಲದ ಮೇಲೆ. ಕಡಲ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಅಲ್ಲಿಂದೇಳುವ ಆವಿಯೇ ಸೈಕ್ಲೋನಿನ ಆಹಾರ. ಮೊಸರು ಕಡೆದಂತೆ ಗಾಳಿ ಕಡಲನ್ನು ಕಡೆದಾಗ ಅಡಿಯ ತಣ್ಣೀರು ಮೇಲೆ ಬರುತ್ತದೆ, ಸೈಕ್ಲೋನ್ ಬಲಗುಂದುತ್ತದೆ. ಆದರೆ ಕಡಲಿನೊಳಗೆ ನೂರಾರು ಕಿಲೋಮೀಟರು ಅಗಲದ ಸುಳಿಗಳಿವೆ. ಬಿಸಿ ಸುಳಿಯಲ್ಲಿ ಬೆಚ್ಚಗಿನ ನೀರು ಬಹಳ ಆಳದವರೆಗೆ ಇರುವುದರಿಂದ ಎಷ್ಟು ಕಡೆದರೂ ತಣ್ಣೀರು ಬೇಗ ಬಾರದು; ಗಾಳಿ ಕೊಬ್ಬುತ್ತದೆ. ತಣ್ಣನೆಯ ಸುಳಿಯ ಮೇಲೆ ಹಾದರೆ ಸೊರಗುತ್ತದೆ.

2019ರ ದೀಪಾವಳಿಯ ಹೊತ್ತಿನ ಕ್ಯಾರ್ ನೆನಪಿರಬಹುದು. ನಮ್ಮ ದಡ ಮುಟ್ಟದೆ ಪಡುವಣಕ್ಕೆ ಸರಿದರೂ ಕರಾವಳಿಗೆ ಮಳೆ ಸುರಿಸಿತು. ನಮ್ಮ ಭಾಗದಲ್ಲಿ ಈ ಚಕ್ರ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಆದ್ದರಿಂದ ಅದು ಪಡುವಣ ಕಡಲಿನಲ್ಲಿರುವಾಗ ನಮಗೆ ತೆಂಕಣ ಕಡೆಯ ತೇವದ ಗಾಳಿ ಬಂದು ಘಟ್ಟಕ್ಕೆ ತಾಗುತ್ತದೆ. ಸೈಕ್ಲೋನ್ ಒಮಾನಿನತ್ತ ಹೋಯಿತೆಂದು ಕೇಳಿದ ಕೂಡಲೇ ಅಂಗಳದ ಟರ್ಪಾಲು ತೆಗೆಯಬೇಡಿ, ಇನ್ನೊಂದೆರಡು ದಿನ ಆಕಾಶ ನೋಡಿ.