ಶಿಕ್ಷಕಿಯರ ಶಿಕ್ಷಕಿ: ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ ಎಂದೊಡನೆ ಸಂಸ್ಕೃತ ವಿದುಷಿ, ಕ್ರೈಸ್ತಳಾದ ವಿಧವೆ, ಅನಾಥರ ಆಶ್ರಯದಾತೆ ಎಂಬ ಮೂರು ಚಿತ್ರಗಳು ಕಣ್ಣೆದುರು ನಿಲ್ಲುತ್ತವೆ. ಇವುಗಳ ನಡುವೆ ಮಸುಕಾದ ಮುಖ ಇನ್ನೊಂದಿದೆ. ಹೆಣ್ಣುಮಕ್ಕಳಿಗೆ ಶಾಲೆ ತೆರೆಯುವುದಷ್ಟೇ ಸಾಲದು, ಅಲ್ಲಿ ಕಲಿಸಬಲ್ಲ ಹೆಂಗಸರನ್ನು ಸಿದ್ಧಗೊಳಿಸಬೇಕೆಂದು ಪಟ್ಟುಹಿಡಿದ ಶಿಕ್ಷಣತಜ್ಞೆಯ ಮುಖ ಅದು.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸಮೀಪದ ಮಾಳದವರು, ಮನೆಮಾತು ಮರಾಠಿ. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ವಿರೋಧ ಕಟ್ಟಿಕೊಂಡ ಅವರು ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ, ಅದನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಹೊರಿಸಿಕೊಂಡು ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಮುಂದಿನ ಅಲೆದಾಟದ ವರ್ಷಗಳಲ್ಲಿ ಆಕೆಗೆ ಪಾಠ ಹೇಳಿದವರು ತಾಯಿ. ಹೆಂಗಸು ಹೆಂಗಸಿಗೆ ಕಲಿಸುವುದು ರಮಾಬಾಯಿಯವರ ಪಾಲಿಗೆ ತತ್ತ್ವವಾಗುವ ಮೊದಲೇ ಅನುಭವವಾಗಿತ್ತು.

ಕ್ಷಾಮದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಅಣ್ಣ ಶ್ರೀನಿವಾಸನೊಡನೆ ಅಲೆಯುತ್ತ 1878ರಲ್ಲಿ ಕಲಕತ್ತೆ ಸೇರಿದಾಗ, ಅಲ್ಲಿನ ವಿದ್ವಾಂಸರಿಂದ ಪಂಡಿತಾ, ಸರಸ್ವತಿ ಎಂಬ ಬಿರುದುಗಳು ಬಂದವು. 1880ರಲ್ಲಿ ಅಣ್ಣ ಗತಿಸಿದ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು. 1882ರಲ್ಲಿ ಅವರೂ ಕಾಲರಾಕ್ಕೆ ಬಲಿಯಾದರು. ಕೈಗೂಸು ಮನೋರಮಾಳೊಡನೆ ರಮಾಬಾಯಿ ಪುಣೆಗೆ ಬಂದರು.

ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಅವರು ನೀಡಿದ ಸಾಕ್ಷ್ಯ, ನನ್ನ ದೃಷ್ಟಿಯಲ್ಲಿ, ಅವರ ಗ್ರಂಥಗಳಷ್ಟೇ ಮಹತ್ವದ್ದು. ಶಿಕ್ಷಕಿಯರ ತರಬೇತಿ ಶಾಲೆ ಇರಲೇ ಇಲ್ಲವೆಂದಲ್ಲ, ಪುಣೆಯಲ್ಲಿಯೇ ಒಂದಿತ್ತು. ಆದರೆ ಆ ವೃತ್ತಿಗೆ ಘನತೆ ಇರಲಿಲ್ಲ. ಶಿಕ್ಷಕಿಯಾಗುವವಳು ಸ್ವಭಾಷೆಯನ್ನೂ ಇಂಗ್ಲಿಷನ್ನೂ ಚೆನ್ನಾಗಿ ಬಲ್ಲವಳಾಗಿರಬೇಕು, ವಿವಾಹಿತೆಯಿರಲಿ ವಿಧವೆಯಿರಲಿ ಆಕೆಗೆ ಒಳ್ಳೆಯ ವಿದ್ಯಾರ್ಥಿವೇತನ ದೊರೆಯಬೇಕು, ಕಾಲೇಜಿನ ಆವರಣದಲ್ಲಿಯೇ ವಸತಿಯಿರಬೇಕೆಂದು ಅವರು ಕೇಳಿದರು. ಹುಡುಗಿಯರಿಗೆ ಕಲಿಸುವವರ ಸಂಬಳ ಹುಡುಗರಿಗೆ ಕಲಿಸುವವರ ಸಂಬಳಕ್ಕಿಂತ ಹೆಚ್ಚಿರಬೇಕೆಂದೂ ಸೇರಿಸಿದರು. ಇಪ್ಪತ್ತನಾಲ್ಕರ ವಿಧವೆಯೊಬ್ಬಳು ಸರಕಾರದ ಮುಂದೆ ಸಂಬಳದ ಮಾತೆತ್ತಿದ್ದು ಸಣ್ಣ ಸಂಗತಿಯಲ್ಲ.

ವೈದ್ಯಶಿಕ್ಷಣಕ್ಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಅಲ್ಲಿ ಕ್ರೈಸ್ತಮತ ಸ್ವೀಕರಿಸಿದರು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾವೂ ಕಲಿತರು. 1886ರಲ್ಲಿ ಆನಂದೀಬಾಯಿ ಜೋಶಿಯವರ ವೈದ್ಯಪದವಿ ಸಮಾರಂಭಕ್ಕಾಗಿ ಫಿಲಡೆಲ್ಫಿಯಾಕ್ಕೆ ತೆರಳಿದವರು ಅಮೆರಿಕದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಉಳಿದರು. ಅಲ್ಲಿ ಫ್ರೋಬೆಲನ ಕಿಂಡರ್‌ಗಾರ್ಟನ್ ಪದ್ಧತಿ ಅವರನ್ನು ಸೆಳೆಯಿತು. ಬಾಯಿಪಾಠದಲ್ಲಿ ಬೆಳೆದ ಈ ಪಂಡಿತೆ ಚೆಂಡು, ಮರದ ತುಂಡುಗಳ ಮೂಲಕ ಮಕ್ಕಳಿಗೆ ಕಲಿಸುವ ವಿದ್ಯೆಗೆ ಶಿಷ್ಯೆಯಾದರು.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಆರಂಭವಾಯಿತು. ಬಾಲವಿಧವೆಯರಿಗೆ ಆಶ್ರಯ ಕೊಡುವುದರ ಜೊತೆಗೆ ಅವರನ್ನು ಸ್ವಂತ ದುಡಿಮೆಯ ಶಿಕ್ಷಕಿಯರನ್ನಾಗಿಸುವುದು ಅದರ ಗುರಿಯಾಗಿತ್ತು. ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಒಬ್ಬರು. 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಕರ್ವೆಯಾದವರು. ಪುಣೆಗೆ ಸ್ಥಳಾಂತರಗೊಂಡಿದ್ದ ಸದನದ ಮೇಲೆ ಅದೇ 1893ರಲ್ಲಿ ಮತಾಂತರದ ಆರೋಪ ಬಂತು. ರಾನಡೆ, ಭಾಂಡಾರಕರರಂಥ ಸಲಹೆಗಾರರು ದೂರ ಸರಿದರು. ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಹುಡುಗಿಯರು ತಮ್ಮ ಪ್ರಾರ್ಥನೆಗೆ ಬರುವುದನ್ನು ರಮಾಬಾಯಿ ತಡೆಯಲಿಲ್ಲವೆಂಬುದು ನಿಜ. ಅರ್ಧಕ್ಕೆ ನಿಂತ ಆ ಓದುಗಳ ನಷ್ಟವನ್ನು ಮಾತ್ರ ಎರಡೂ ಪಕ್ಷದವರು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದು, ಕೇಡಗಾಂವದ ಮುಕ್ತಿಯಲ್ಲಿ ನೆಲೆಗೊಳಿಸಿದರು. ಅಲ್ಲಿ ಕಲಿತವರಲ್ಲಿ ಹಲವರು ಅಲ್ಲಿಯೇ ಕಲಿಸುವವರಾದರು. ಕೊನೆಯ ವರ್ಷಗಳಲ್ಲಿ ಬೈಬಲ್ಲಿನ ಮರಾಠಿ ಅನುವಾದದಲ್ಲಿ ತೊಡಗಿದ್ದಾಗಲೂ ಅವರ ದೃಷ್ಟಿ ಕನ್ನಡ ನೆಲದತ್ತ ಹೊರಳಿತು. ಆಗ ನಿಜಾಮರ ಆಡಳಿತದಲ್ಲಿದ್ದ ಗುಲಬರ್ಗಾದಲ್ಲಿ ಶಾಲೆಯೊಂದನ್ನು ಆರಂಭಿಸಿ ಮಗಳು ಮನೋರಮಾಗೆ ಒಪ್ಪಿಸಿದರು. ಮನೋರಮಾ 1921ರ ಜುಲೈನಲ್ಲಿ ತೀರಿಕೊಂಡರು. ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು, ತಾಯಿಯೂ ಕೇಡಗಾಂವದಲ್ಲಿ ಕಣ್ಮುಚ್ಚಿದರು.