ಕೋಣೆ ಸಿಗದವರು ಕಟ್ಟಿದ ಹಾಸ್ಟೆಲ್

ಪೀಣ್ಯದ ಕಾರ್ಖಾನೆಗೋ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗೋ ಕೆಲಸಕ್ಕೆ ಸೇರುವ ನಮ್ಮಂಥವರಿಗೆ ಆಫರ್ ಲೆಟರ್ ಬಂದ ಮೇಲೆ ಮೊದಲ ಚಿಂತೆ ಪಿಜಿಯದು. 1917ರಲ್ಲಿ ಕೆಲಸಕ್ಕೆಂದು ಬರೋಡಕ್ಕೆ ಬಂದಿಳಿದ ಯುವಕರೊಬ್ಬರಿಗೂ ಇದೇ ಚಿಂತೆಯಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಎಂ.ಎ. ಆಗಿತ್ತು, ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿದ್ದೂ ಆಗಿತ್ತು. ಆದರೂ ಅವರಿಗೆ ಕೋಣೆ ಕೊಡುವವರು ಊರಲ್ಲಿರಲಿಲ್ಲ. ಅವರೇ ಡಾ. ಬಿ.ಆರ್. ಅಂಬೇಡ್ಕರ್.

1891ರಲ್ಲಿ ಮಹುವಿನಲ್ಲಿ ಹುಟ್ಟಿದ ಅವರು 1913ರಲ್ಲಿ ಅಮೆರಿಕಕ್ಕೆ ಹೋದದ್ದು ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ. ಓದು ಮುಗಿಸಿ ಸಂಸ್ಥಾನದಲ್ಲಿ ಕೆಲಸ ಮಾಡಬೇಕೆಂಬ ಕರಾರಿತ್ತು. ಅದರಂತೆ ಬಂದರೆ, ಕಚೇರಿಯ ಜವಾನರು ಕಡತಗಳನ್ನು ದೂರದಿಂದಲೇ ಎಸೆಯುತ್ತಿದ್ದರು. ಗುರುತು ಮುಚ್ಚಿಟ್ಟು ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದರು. ಜಾತಿ ತಿಳಿದಾಗ ದೊಣ್ಣೆ ಹಿಡಿದವರ ಗುಂಪು ಬಾಗಿಲಿಗೆ ಬಂತು. ಅವರು ಮುಂಬೈಗೆ ಮರಳಬೇಕಾಯಿತು.

ಅಲ್ಲಿ ಷೇರು ವ್ಯವಹಾರದಲ್ಲಿ ಸಲಹೆ ಕೊಡುವ ಸಣ್ಣ ಉದ್ಯಮ ಆರಂಭಿಸಿದರು. ಸಲಹೆಗಾರನ ಜಾತಿ ಗೊತ್ತಾಗುತ್ತಿದ್ದಂತೆ ಗಿರಾಕಿಗಳು ನಿಂತುಹೋದರು. 1918ರಲ್ಲಿ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲೂ ತಮ್ಮ ನೀರಿನ ಪಾತ್ರೆಯಿಂದ ಇವರು ಕುಡಿಯಬಾರದೆಂದು ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಸೇರಿಸಿಕೊಂಡು ಮತ್ತೆ ಲಂಡನ್ನಿಗೆ ಹೋದರು. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧಕ್ಕೆ 1923ರಲ್ಲಿ ಡಿ.ಎಸ್ಸಿ. ಪಡೆದರು.

ಇಷ್ಟು ಓದಿದವರಿಗೇ ಹೀಗಾದರೆ, ಹಳ್ಳಿಯಿಂದ ಒಂಟಿಯಾಗಿ ಬರುವ ಹುಡುಗನ ಗತಿ ಏನು? ಅವರ ಮುಂದಿನ ಕೆಲಸವೆಲ್ಲ ಈ ಪ್ರಶ್ನೆಗೆ ಉತ್ತರದಂತಿದೆ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದರು. ಮರುವರ್ಷವೇ ಸೊಲ್ಲಾಪುರದಲ್ಲಿ ಅದರ ವಿದ್ಯಾರ್ಥಿನಿಲಯ ಶುರುವಾಯಿತು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡದಲ್ಲೂ ಅವರ ಪ್ರಯತ್ನದಿಂದ ಹಾಸ್ಟೆಲ್ ಬಂತು. ಪೇಟೆಯಲ್ಲಿ ಶಾಲೆ ಇದ್ದರೂ ಊಟಕ್ಕೆ, ಮಲಗಲಿಕ್ಕೆ ಜಾಗವಿಲ್ಲದೆ ಓದು ಬಿಡುತ್ತಿದ್ದವರಿಗೆ ಹಾಸ್ಟೆಲ್ಲೇ ಕಾಲೇಜಿನ ಬಾಗಿಲು.

ಅವರು ವೈಸ್‌ರಾಯ್ ಮಂಡಳಿಯ ಸದಸ್ಯರಾಗಿದ್ದಾಗ, 1944ರಲ್ಲಿ, ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಇಂದು ನಮ್ಮ ಎಷ್ಟೋ ಸಹಪಾಠಿಗಳ ಫೀಸು ಕಟ್ಟುವುದು ಅದೇ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು. ಜಾತಿಯ ಕಾರಣಕ್ಕೆ ವ್ಯಾಪಾರ ಕೈಬಿಡಬೇಕಾಗಿ ಬಂದ ಊರಿನಲ್ಲೇ, 1953ರಲ್ಲಿ, ಆ ಸೊಸೈಟಿಯಿಂದ ಸಿದ್ಧಾರ್ಥ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಕಾಲೇಜು ತೆರೆಯಿತು. 1956ರ ಡಿಸೆಂಬರ್ 6ರಂದು ಅವರು ತೀರಿಕೊಂಡರು.

ಅಮೆರಿಕದ ಕಪ್ಪು ಜನರ ಹೋರಾಟವನ್ನೂ ಅವರು ಗಮನಿಸುತ್ತಿದ್ದರು. 1946ರಲ್ಲಿ ಅಲ್ಲಿನ ವಿದ್ವಾಂಸ ಡು ಬಾಯ್ಸ್ ಅವರಿಗೆ ಪತ್ರ ಬರೆದು ಉತ್ತರವನ್ನೂ ಪಡೆದಿದ್ದರು. ಈಗ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಕಪ್ಪು ವಿದ್ಯಾರ್ಥಿಗಳ ವಾಣಿಜ್ಯ ಸಂಘಗಳಿವೆ. ಸಂದರ್ಶನಕ್ಕೆ ತಯಾರಿ ಮಾಡಿಸುವುದು, ಕೆಲಸದಲ್ಲಿರುವ ಹಿರಿಯರನ್ನು ಪರಿಚಯಿಸುವುದು ಅವುಗಳ ಕೆಲಸ.

ನಮ್ಮಲ್ಲಿ ಇದಕ್ಕೆ ದೊಡ್ಡ ಸಂಘವೇ ಬೇಕೆಂದಿಲ್ಲ. ಕೆಲಸ ಸಿಕ್ಕ ಸೀನಿಯರ್ ಒಂದು ಭಾನುವಾರ ಜೂನಿಯರ್‌ಗಳ ರೆಸ್ಯೂಮೆ ತಿದ್ದಿಕೊಡಬಹುದು. ಸಂದರ್ಶನಕ್ಕೆಂದು ಊರಿಂದ ಬಂದವನಿಗೆ ಜಾತಿ ಕೇಳದೆ ತನ್ನ ರೂಮಿನಲ್ಲಿ ನಾಲ್ಕು ದಿನ ಜಾಗ ಕೊಡಬಹುದು. ಬರೋಡದಲ್ಲಿ ಅಂಬೇಡ್ಕರ್ ಅವರಿಗೆ ಸಿಗದೇ ಹೋದದ್ದು ಅಷ್ಟೇ.